ಕೊಲೆಸ್ಟ್ರಾಲ್ ವರದಿಯಿಂದ ಮಧುಮೇಹದ ಮುನ್ಸೂಚನೆ: ವಿಜ್ಞಾನ ಮತ್ತು ಗಣಿತದ ಒಂದು ಸಮನ್ವಯ ಪಾಠ

ಹತ್ತನೆಯ ತರಗತಿಯ ವಿಜ್ಞಾನದಲ್ಲಿ ‘ನಿಯಂತ್ರಣ ಮತ್ತು ಸಹಭಾಗಿತ್ವ’ ಘಟಕ ಬಂದಾಗ ಇನ್ಸುಲಿನ್ ಕುರಿತು ನಾಲ್ಕು ವಾಕ್ಯ ಹೇಳಿ ಮುಂದೆ ಹೋಗುವುದು ಅಭ್ಯಾಸ ಬೋಧನೆಯಲ್ಲಿ ಸಾಮಾನ್ಯ. ಗಣಿತದಲ್ಲಿ ‘ಸಂಭವನೀಯತೆ’ ಬಂದಾಗ ನಾಣ್ಯ, ದಾಳ, ಇಸ್ಪೀಟು ಎಲೆಗಳಲ್ಲೇ ಪಾಠ ಮುಗಿದುಹೋಗುತ್ತದೆ. ಆದರೆ ತರಗತಿಯಲ್ಲಿ ಕುಳಿತ ಮಕ್ಕಳಲ್ಲಿ ಅನೇಕರ ಮನೆಯಲ್ಲಿ ಅಜ್ಜಿಯೋ ತಂದೆಯೋ ‘ಶುಗರ್ ಮಾತ್ರೆ’ ನುಂಗುತ್ತಿರುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, 13.6 ಕೋಟಿ ಜನ ಮಧುಮೇಹದ ಹೊಸ್ತಿಲಲ್ಲಿದ್ದಾರೆ. ಹೀಗಿರುವಾಗ ಪ್ರಯೋಗಾಲಯದ ಒಂದು ವರದಿಯನ್ನು ಓದಿ ಅರ್ಥಮಾಡಿಕೊಳ್ಳುವುದು ಪಠ್ಯದ ಹೊರಗಿನ ವಿಷಯವಲ್ಲ.

ಈ ಲೇಖನದಲ್ಲಿ ಎರಡು ಅವಧಿಗಳ ಒಂದು ಪಾಠವನ್ನು ಅದರ ವಿಷಯ ವಿಶ್ಲೇಷಣೆಯೊಂದಿಗೆ ಕೊಡಲಾಗಿದೆ. ಪ್ರಶ್ನೆ ಸರಳ: ಕೊಲೆಸ್ಟ್ರಾಲ್ ಪರೀಕ್ಷೆಯ ಅಂಕಿಗಳನ್ನು ನೋಡಿ ಮುಂದೆ ಮಧುಮೇಹ ಬರುವ ಸಂಭವವನ್ನು ಹೇಳಬಹುದೇ? ಹೇಳಬಹುದಾದರೆ ಯಾವ ಅಂಕಿಯಿಂದ, ಎಷ್ಟರಮಟ್ಟಿಗೆ?

ಪಾಠದ ಚೌಕಟ್ಟು

ತರಗತಿ: 10. ಅವಧಿ: ತಲಾ 40 ನಿಮಿಷಗಳ 2 ಅವಧಿಗಳು. ಮೊದಲನೆಯದನ್ನು ವಿಜ್ಞಾನದ, ಎರಡನೆಯದನ್ನು ಗಣಿತದ ಪ್ರಶಿಕ್ಷಣಾರ್ಥಿ ತೆಗೆದುಕೊಳ್ಳಬಹುದು.

ಪೂರ್ವಜ್ಞಾನ: ಮೇದೋಜೀರಕ ಗ್ರಂಥಿ ಇನ್ಸುಲಿನ್ ಸ್ರವಿಸುತ್ತದೆ, ಇನ್ಸುಲಿನ್ ರಕ್ತದ ಸಕ್ಕರೆಯನ್ನು ನಿಯಂತ್ರಿಸುತ್ತದೆ, ಸಂಭವನೀಯತೆಯ ಬೆಲೆ 0 ಮತ್ತು 1ರ ನಡುವೆ ಇರುತ್ತದೆ, ಶೇಕಡಾವಾರು ಲೆಕ್ಕ.

ಕಲಿಕಾ ಫಲಗಳು: ಪಾಠದ ಕೊನೆಗೆ ವಿದ್ಯಾರ್ಥಿಯು,
1. ಕೊಬ್ಬಿನ ಪರೀಕ್ಷೆಯ ನಾಲ್ಕು ಅಂಕಿಗಳನ್ನು ಹೆಸರಿಸಿ, ಮಧುಮೇಹದ ಮುನ್ಸೂಚನೆಗೆ ಯಾವ ಎರಡು ಮುಖ್ಯವೆಂದು ಕಾರಣಸಹಿತ ವಿವರಿಸುವನು/ಳು.
2. ಕೊಟ್ಟ ಅಂಕ ಪಟ್ಟಿಯಿಂದ ಒಬ್ಬ ಕಾಲ್ಪನಿಕ ವ್ಯಕ್ತಿಯ ಸಂಭವವನ್ನು ಲೆಕ್ಕ ಹಾಕುವನು/ಳು.
3. ‘ಸಂಭವ ಶೇ. 29’ ಎಂಬುದಕ್ಕೂ ‘ರೋಗ ಬರುತ್ತದೆ’ ಎಂಬುದಕ್ಕೂ ಇರುವ ವ್ಯತ್ಯಾಸ ಹೇಳುವನು/ಳು.

ಬೋಧನೋಪಕರಣಗಳು: ಮೂರು ಕಾಲ್ಪನಿಕ ವರದಿಗಳ ಪಟ, ಅಂಕ ಪಟ್ಟಿ, ಎರಡು ಬಟ್ಟೆ ಚೀಲ, 200 ಹುಣಸೆ ಬೀಜ, ಸುಣ್ಣ.

ವಿಷಯ ವಿಶ್ಲೇಷಣೆ: ಬೋಧಿಸುವವರಿಗೆ ತಿಳಿದಿರಬೇಕಾದದ್ದು

ವರದಿಯಲ್ಲಿ ಸಾಮಾನ್ಯವಾಗಿ ನಾಲ್ಕು ಅಂಕಿಗಳಿರುತ್ತವೆ: ಒಟ್ಟು ಕೊಲೆಸ್ಟ್ರಾಲ್, ಎಚ್‌ಡಿಎಲ್, ಎಲ್‌ಡಿಎಲ್ ಮತ್ತು ಟ್ರೈಗ್ಲಿಸರೈಡ್. ಎಲ್ಲವೂ ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಎಂಬ ಮಾನದಲ್ಲಿ. ಟ್ರೈಗ್ಲಿಸರೈಡ್ ಎಂಬುದು ಕೊಲೆಸ್ಟ್ರಾಲ್ ಅಲ್ಲ. ಅದು ನಾವು ಎಣ್ಣೆ, ತುಪ್ಪ ಎನ್ನುವ ಕೊಬ್ಬಿನದೇ ರೂಪ. ಎರಡೂ ನೀರಿನಲ್ಲಿ ಕರಗದ ಕಾರಣ ಪ್ರೋಟೀನಿನ ಕವಚವಿರುವ ಕಣಗಳಲ್ಲಿ ಕುಳಿತು ರಕ್ತದಲ್ಲಿ ಸಾಗುತ್ತವೆ. ಎಚ್‌ಡಿಎಲ್, ಎಲ್‌ಡಿಎಲ್, ವಿಎಲ್‌ಡಿಎಲ್ ಎಂಬವು ಈ ಕಣಗಳ ಹೆಸರುಗಳು.

ಅನೇಕ ವರದಿಗಳಲ್ಲಿ ಎಲ್‌ಡಿಎಲ್ ಅಳೆದದ್ದಲ್ಲ, ಲೆಕ್ಕ ಹಾಕಿದ್ದು. 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಸೂತ್ರ ಹೀಗಿದೆ: ಎಲ್‌ಡಿಎಲ್ = ಒಟ್ಟು ಕೊಲೆಸ್ಟ್ರಾಲ್ − ಎಚ್‌ಡಿಎಲ್ − (ಟ್ರೈಗ್ಲಿಸರೈಡ್ ÷ 5). ಟ್ರೈಗ್ಲಿಸರೈಡ್ 400ನ್ನು ಮೀರಿದರೆ ಈ ಸೂತ್ರ ಸಲ್ಲದು. ಮಕ್ಕಳಿಗೆ ಇದೊಂದು ಒಳ್ಳೆಯ ಬೀಜಗಣಿತದ ಲೆಕ್ಕವೂ ಹೌದು.

ಈಗ ಮುಖ್ಯ ವಿಷಯ. ಎರಡನೆಯ ಬಗೆಯ ಮಧುಮೇಹ ಒಂದೇ ದಿನ ಬರುವುದಿಲ್ಲ. ರಕ್ತದ ಸಕ್ಕರೆ ಏರುವುದಕ್ಕೆ ವರ್ಷಗಳ ಮೊದಲೇ ದೇಹದ ಜೀವಕೋಶಗಳು ಇನ್ಸುಲಿನ್ನಿನ ಮಾತು ಕೇಳುವುದನ್ನು ಕಡಿಮೆ ಮಾಡುತ್ತವೆ. ಇದೇ ಇನ್ಸುಲಿನ್ ಪ್ರತಿರೋಧ. ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಸ್ರವಿಸಿ ಸಕ್ಕರೆಯನ್ನು ಹತೋಟಿಯಲ್ಲಿ ಇಡುತ್ತಿರುವುದರಿಂದ ಸಕ್ಕರೆಯ ಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ. ಆದರೆ ಕೊಬ್ಬಿನ ಪರೀಕ್ಷೆಯಲ್ಲಿ ಕಾಣುತ್ತದೆ. ಕಾರಣದ ಸರಪಳಿಯನ್ನು ಮೂರು ಹೆಜ್ಜೆಗಳಲ್ಲಿ ಕಪ್ಪುಹಲಗೆಯ ಮೇಲೆ ಬರೆಯಬಹುದು.

ಮೊದಲನೆಯದು: ಕೊಬ್ಬಿನ ಅಂಗಾಂಶದಲ್ಲಿ ಕೂಡಿಟ್ಟ ಕೊಬ್ಬು ಕರಗಿ ಹೊರಹೋಗದಂತೆ ತಡೆಯುವುದು ಇನ್ಸುಲಿನ್ನಿನ ಒಂದು ಕೆಲಸ. ಪ್ರತಿರೋಧವಿದ್ದಾಗ ಈ ತಡೆ ಸಡಿಲಾಗಿ ಕೊಬ್ಬಿನಾಮ್ಲಗಳು ರಕ್ತಕ್ಕೆ ಸೇರಿ ಯಕೃತ್ತಿಗೆ ಹೋಗುತ್ತವೆ.

ಎರಡನೆಯದು: ಯಕೃತ್ತು ಅವುಗಳಿಂದ ಟ್ರೈಗ್ಲಿಸರೈಡ್ ತಯಾರಿಸಿ ವಿಎಲ್‌ಡಿಎಲ್ ಕಣಗಳಲ್ಲಿ ತುಂಬಿ ರಕ್ತಕ್ಕೆ ಬಿಡುತ್ತದೆ. ಟ್ರೈಗ್ಲಿಸರೈಡ್ ಏರುತ್ತದೆ.

ಮೂರನೆಯದು: ರಕ್ತದಲ್ಲಿ ಸಿಇಟಿಪಿ ಎಂಬ ಪ್ರೋಟೀನು ದಲ್ಲಾಳಿಯಂತೆ ಕೆಲಸ ಮಾಡುತ್ತದೆ. ವಿಎಲ್‌ಡಿಎಲ್‌ನಿಂದ ಟ್ರೈಗ್ಲಿಸರೈಡನ್ನು ಎಚ್‌ಡಿಎಲ್‌ಗೆ ಕೊಟ್ಟು, ಎಚ್‌ಡಿಎಲ್‌ನಿಂದ ಕೊಲೆಸ್ಟ್ರಾಲನ್ನು ವಿಎಲ್‌ಡಿಎಲ್‌ಗೆ ಕೊಡಿಸುತ್ತದೆ. ಟ್ರೈಗ್ಲಿಸರೈಡ್ ತುಂಬಿಕೊಂಡ ಎಚ್‌ಡಿಎಲ್ ಕಣಗಳು ಬೇಗ ವಿಭಜನೆಗೊಂಡು ರಕ್ತದಿಂದ ಮರೆಯಾಗುತ್ತವೆ. ಎಚ್‌ಡಿಎಲ್ ಇಳಿಯುತ್ತದೆ.

ಹೀಗೆ ‘ಟ್ರೈಗ್ಲಿಸರೈಡ್ ಮೇಲೆ, ಎಚ್‌ಡಿಎಲ್ ಕೆಳಗೆ’ ಎಂಬ ಜೋಡಿ ಇನ್ಸುಲಿನ್ ಪ್ರತಿರೋಧದ ಗುರುತು. ಈ ಲಕ್ಷಣಗಳನ್ನು ಒಂದೆಡೆ ಕಟ್ಟಿ 1988ರಲ್ಲಿ ‘ಸಿಂಡ್ರೋಮ್ ಎಕ್ಸ್’ ಎಂದು ಹೆಸರಿಟ್ಟವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರಾಲ್ಡ್ ರೀವನ್. 2003ರಲ್ಲಿ ಅವರ ತಂಡವೇ ತೂಕ ಹೆಚ್ಚಿದ್ದವರಲ್ಲಿ ಟ್ರೈಗ್ಲಿಸರೈಡನ್ನು ಎಚ್‌ಡಿಎಲ್‌ನಿಂದ ಭಾಗಿಸಿದಾಗ 3 ಅಥವಾ ಹೆಚ್ಚು ಬಂದರೆ ಇನ್ಸುಲಿನ್ ಪ್ರತಿರೋಧವನ್ನು ಶಂಕಿಸಬಹುದು ಎಂದು ತೋರಿಸಿತು. ಆದರೆ ಈ 3 ಎಲ್ಲ ಜನಾಂಗಗಳಿಗೂ ಸಲ್ಲುವ ಗೆರೆಯಲ್ಲ. ಆಫ್ರಿಕನ್ ಮೂಲದ ಅಮೆರಿಕನ್ನರಲ್ಲಿ ಪ್ರತಿರೋಧವಿದ್ದರೂ ಟ್ರೈಗ್ಲಿಸರೈಡ್ ಅಷ್ಟಾಗಿ ಏರದ ಕಾರಣ ಅಲ್ಲಿ ಈ ಅನುಪಾತ ದಾರಿ ತಪ್ಪಿಸುತ್ತದೆ.

ಮುನ್ಸೂಚನೆಯ ಅಂಕ ಪಟ್ಟಿ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 1948ರಲ್ಲಿ ಹೃದಯ ಅಧ್ಯಯನ ಆರಂಭವಾಯಿತು. ಮೊದಲ ತಲೆಮಾರಿನ ಮಕ್ಕಳನ್ನು 1971ರಿಂದ ಸೇರಿಸಿಕೊಳ್ಳಲಾಯಿತು. ಈ ಎರಡನೆಯ ತಲೆಮಾರಿನ, ಸರಾಸರಿ 54 ವರ್ಷದ 3140 ಜನರನ್ನು ಸರಾಸರಿ 7 ವರ್ಷ ಗಮನಿಸಿದಾಗ 160 ಜನರಿಗೆ ಹೊಸದಾಗಿ ಮಧುಮೇಹ ಬಂದಿತ್ತು. ಇದರ ಆಧಾರದ ಮೇಲೆ 2007ರಲ್ಲಿ ಪ್ರಕಟವಾದ ಸರಳ ಅಂಕ ಪಟ್ಟಿ ಇದು:

- ಖಾಲಿ ಹೊಟ್ಟೆಯ ಸಕ್ಕರೆ 100 ಅಥವಾ ಹೆಚ್ಚು, ಆದರೆ ಮಧುಮೇಹದ ಮಿತಿಯೊಳಗೆ: 10 ಅಂಕ
- ದೇಹ ತೂಕ ಸೂಚ್ಯಂಕ 25ರಿಂದ 29.9: 2 ಅಂಕ, 30 ಅಥವಾ ಹೆಚ್ಚು: 5 ಅಂಕ
- ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ: 5 ಅಂಕ
- ತಂದೆ ಅಥವಾ ತಾಯಿಗೆ ಮಧುಮೇಹ: 3 ಅಂಕ
- ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು: 3 ಅಂಕ
- ರಕ್ತದೊತ್ತಡ 130/85ಕ್ಕಿಂತ ಹೆಚ್ಚು, ಅಥವಾ ಅದಕ್ಕೆ ಚಿಕಿತ್ಸೆ: 2 ಅಂಕ

ಮುಂದಿನ 8 ವರ್ಷಗಳಲ್ಲಿ ಮಧುಮೇಹ ಬರುವ ಸಂಭವ: 10 ಅಂಕ ಅಥವಾ ಕಡಿಮೆ ಇದ್ದರೆ ಶೇ. 3 ಅಥವಾ ಅದಕ್ಕಿಂತ ಕಡಿಮೆ, 13ಕ್ಕೆ ಶೇ. 5, 15ಕ್ಕೆ ಶೇ. 7, 20ಕ್ಕೆ ಶೇ. 18, 23ಕ್ಕೆ ಶೇ. 29, 25 ಮತ್ತು ಮೇಲ್ಪಟ್ಟು ಶೇ. 35ಕ್ಕಿಂತ ಹೆಚ್ಚು.

ಪಟ್ಟಿಯಲ್ಲಿ ಏನಿಲ್ಲ ಎಂಬುದನ್ನು ಪ್ರಶಿಕ್ಷಣಾರ್ಥಿಗಳು ಗಮನಿಸಬೇಕು. ಒಟ್ಟು ಕೊಲೆಸ್ಟ್ರಾಲ್ ಇಲ್ಲ. ಎಲ್‌ಡಿಎಲ್ ಇಲ್ಲ. ಜನ ಹೆದರುವ ಎರಡು ಅಂಕಿಗಳೂ ಇಲ್ಲಿ ಲೆಕ್ಕಕ್ಕೆ ಬಂದಿಲ್ಲ.

ಮೊದಲ ಅವಧಿ

ತೊಡಗಿಸಿಕೊಳ್ಳುವಿಕೆ (8 ನಿಮಿಷ): ಮೂರು ಕಾಲ್ಪನಿಕ ವರದಿಗಳನ್ನು ಪಟದಲ್ಲಿ ತೋರಿಸಿ.

ವರದಿ 1: ಹೆಂಗಸು, 50 ವರ್ಷ. ಒಟ್ಟು ಕೊಲೆಸ್ಟ್ರಾಲ್ 240, ಎಚ್‌ಡಿಎಲ್ 60, ಟ್ರೈಗ್ಲಿಸರೈಡ್ 100, ಸಕ್ಕರೆ 88, ತೂಕ ಸೂಚ್ಯಂಕ 24, ರಕ್ತದೊತ್ತಡ 120/78. ಹೆತ್ತವರಿಗೆ ಮಧುಮೇಹವಿಲ್ಲ.

ವರದಿ 2: ಗಂಡಸು, 46 ವರ್ಷ. ಒಟ್ಟು ಕೊಲೆಸ್ಟ್ರಾಲ್ 180, ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 210, ಸಕ್ಕರೆ 104, ತೂಕ ಸೂಚ್ಯಂಕ 27, ರಕ್ತದೊತ್ತಡ 124/80. ತಂದೆಗೆ ಮಧುಮೇಹ.

ವರದಿ 3: ಹೆಂಗಸು, 48 ವರ್ಷ. ಒಟ್ಟು ಕೊಲೆಸ್ಟ್ರಾಲ್ 196, ಎಚ್‌ಡಿಎಲ್ 46, ಟ್ರೈಗ್ಲಿಸರೈಡ್ 130, ಸಕ್ಕರೆ 96, ತೂಕ ಸೂಚ್ಯಂಕ 31, ರಕ್ತದೊತ್ತಡ 132/86. ತಾಯಿಗೆ ಮಧುಮೇಹ.

‘ಮುಂದೆ ಮಧುಮೇಹ ಬರುವ ಸಂಭವ ಯಾರಿಗೆ ಹೆಚ್ಚು?’ ಎಂದು ಕೇಳಿ, ಕೈ ಎತ್ತಿಸಿ, ಮತಗಳನ್ನು ಹಲಗೆಯ ಮೂಲೆಯಲ್ಲಿ ಬರೆದಿಡಿ. ಉತ್ತರ ಸರಿಯೋ ತಪ್ಪೋ ಎಂದು ಈಗ ಹೇಳಬೇಡಿ. ಈ ಸಂಖ್ಯೆಗಳು ಎರಡನೆಯ ಅವಧಿಯ ಕೊನೆಗೆ ಬೇಕಾಗುತ್ತವೆ.

ಪರಿಶೋಧನೆ (12 ನಿಮಿಷ): ನಾಲ್ವರ ಗುಂಪುಗಳು ಪ್ರತಿ ವರದಿಗೆ ಎಲ್‌ಡಿಎಲ್ ಮತ್ತು ಟ್ರೈಗ್ಲಿಸರೈಡ್–ಎಚ್‌ಡಿಎಲ್ ಅನುಪಾತ ಲೆಕ್ಕ ಹಾಕುತ್ತವೆ. ಬರಬೇಕಾದ ಉತ್ತರ: ಎಲ್‌ಡಿಎಲ್ ಕ್ರಮವಾಗಿ 160, 104, 124, ಅನುಪಾತ 1.67, 6.18, 2.83. ಎಲ್‌ಡಿಎಲ್ ಅತಿ ಹೆಚ್ಚಿರುವ ವರದಿಯಲ್ಲಿಯೇ ಅನುಪಾತ ಅತಿ ಕಡಿಮೆ ಎಂಬುದನ್ನು ಮಕ್ಕಳೇ ಕಂಡುಹಿಡಿಯಲಿ.

ವಿವರಣೆ (20 ನಿಮಿಷ): ಮೇಲಿನ ಮೂರು ಹೆಜ್ಜೆಗಳ ಸರಪಳಿ. ಕೊಬ್ಬಿನ ಅಂಗಾಂಶ, ಯಕೃತ್ತು, ರಕ್ತನಾಳ ಎಂಬ ಮೂರು ಚೌಕ ಬರೆದು ಬಾಣಗಳಿಂದ ಜೋಡಿಸಿ. ಸಿಇಟಿಪಿಯ ಹೆಸರನ್ನು ಮಕ್ಕಳು ನೆನಪಿಡಬೇಕಿಲ್ಲ. ಎಚ್‌ಡಿಎಲ್ ಯಾಕೆ ಇಳಿಯಿತು ಎಂಬುದನ್ನು ತಮ್ಮ ಮಾತಿನಲ್ಲಿ ಹೇಳಿದರೆ ಸಾಕು. ಪಠ್ಯದಲ್ಲಿ ಬರುವ ‘ಸಕ್ಕರೆ ಏರಿದರೆ ಇನ್ಸುಲಿನ್ ಏರುತ್ತದೆ’ ಎಂಬ ಹಿಮ್ಮಾಹಿತಿ ವ್ಯವಸ್ಥೆಗೆ ಇದನ್ನು ಜೋಡಿಸಿ: ವ್ಯವಸ್ಥೆ ದುಡಿಯುತ್ತಿರುವಷ್ಟು ಕಾಲ ಸಕ್ಕರೆ ಸಹಜವಾಗಿಯೇ ಇರುತ್ತದೆ, ಆದರೆ ದುಡಿತದ ಸದ್ದು ಕೊಬ್ಬಿನ ಅಂಕಿಗಳಲ್ಲಿ ಕೇಳುತ್ತದೆ.

ಎರಡನೆಯ ಅವಧಿ

ಅಂಕ ಪಟ್ಟಿಯ ಬಳಕೆ (12 ನಿಮಿಷ): ಗುಂಪುಗಳು ಮೂರೂ ವರದಿಗಳಿಗೆ ಅಂಕ ಹಾಕಲಿ. ವರದಿ 1ಕ್ಕೆ 0. ವರದಿ 2ಕ್ಕೆ ಸಕ್ಕರೆ 10, ತೂಕ 2, ಎಚ್‌ಡಿಎಲ್ 5, ತಂದೆ 3, ಟ್ರೈಗ್ಲಿಸರೈಡ್ 3, ಒಟ್ಟು 23; ಸಂಭವ ಶೇ. 29. ವರದಿ 3ಕ್ಕೆ ತೂಕ 5, ಎಚ್‌ಡಿಎಲ್ 5, ತಾಯಿ 3, ರಕ್ತದೊತ್ತಡ 2, ಒಟ್ಟು 15; ಸಂಭವ ಶೇ. 7.

ಒಟ್ಟು ಕೊಲೆಸ್ಟ್ರಾಲ್ ಪ್ರಕಾರ ಮೇಲಿನಿಂದ ಕೆಳಗೆ 1, 3, 2 ಎಂಬ ಕ್ರಮ. ಮಧುಮೇಹದ ಸಂಭವದ ಪ್ರಕಾರ 2, 3, 1. ಕ್ರಮ ಪೂರ್ತಿ ತಿರುಗಿದೆ.

ಈಗ ಎರಡು ‘ತೆಗೆದು ನೋಡುವ’ ಪ್ರಶ್ನೆಗಳು. ವರದಿ 2ರಲ್ಲಿ ಕೊಬ್ಬಿನ ಅಂಕಿಗಳೆರಡೂ ಸಹಜವಾಗಿದ್ದರೆ? 8 ಅಂಕ ಕಳೆದು 15, ಸಂಭವ ಶೇ. 7ಕ್ಕೆ ಇಳಿಯುತ್ತದೆ. ಕೊಬ್ಬಿನ ಅಂಕಿಗಳು ಹಾಗೆಯೇ ಇದ್ದು ಸಕ್ಕರೆ ಸಹಜವಾಗಿದ್ದರೆ? 10 ಕಳೆದು 13, ಶೇ. 5. ಅಂದರೆ ಕೊಬ್ಬಿನ ಅಂಕಿಗಳಿಗೆ ತೂಕವಿದೆ, ಆದರೆ ಅವು ಸಕ್ಕರೆಯ ಪರೀಕ್ಷೆಯ ಜಾಗವನ್ನು ತುಂಬಲಾರವು. ಮೂರನೆಯ ಪ್ರಶ್ನೆ: ವರದಿ 3 ಒಬ್ಬ ಗಂಡಸಿನದಾಗಿದ್ದರೆ? ಎಚ್‌ಡಿಎಲ್ 46 ಗಂಡಸಿಗೆ ಕಡಿಮೆಯಲ್ಲ. ಅಂಕ 10ಕ್ಕೆ ಇಳಿಯುತ್ತದೆ.

ಹುಣಸೆ ಬೀಜದ ಚಟುವಟಿಕೆ (13 ನಿಮಿಷ): ಎರಡು ಚೀಲಗಳಲ್ಲಿ ತಲಾ 100 ಬೀಜ. ಒಂದರಲ್ಲಿ 29 ಬೀಜಗಳಿಗೆ, ಇನ್ನೊಂದರಲ್ಲಿ 7 ಬೀಜಗಳಿಗೆ ಸುಣ್ಣ ಹಚ್ಚಿ ಮೊದಲೇ ಒಣಗಿಸಿ ತನ್ನಿ. ಪ್ರತಿ ವಿದ್ಯಾರ್ಥಿ ನೋಡದೆ ಒಂದು ಬೀಜ ತೆಗೆದು, ತೋರಿಸಿ, ಮರಳಿ ಹಾಕಬೇಕು. ಸುಣ್ಣದ ಬೀಜ ಬಂದರೆ ‘ಬಂತು’, ಇಲ್ಲದಿದ್ದರೆ ‘ಬರಲಿಲ್ಲ’ ಎಂದು ಹಲಗೆಯ ಮೇಲೆ ಗೆರೆ ಎಳೆಯಿರಿ. ಶೇ. 29ರ ಚೀಲದಲ್ಲಿಯೂ ಹೆಚ್ಚಿನವರಿಗೆ ‘ಬರಲಿಲ್ಲ’ ಎಂದೇ ಬರುತ್ತದೆ; ಶೇ. 7ರ ಚೀಲದಲ್ಲಿಯೂ ಕೆಲವರಿಗೆ ‘ಬಂತು’ ಎಂದು ಬರಬಹುದು. ಸಂಭವ ಗುಂಪಿನ ಮಾತು, ವ್ಯಕ್ತಿಯ ಹಣೆಬರಹವಲ್ಲ. ಈ ಒಂದು ವಾಕ್ಯಕ್ಕಾಗಿಯೇ ಈ ಚಟುವಟಿಕೆ.

ವಿಸ್ತರಣೆ (10 ನಿಮಿಷ): ಸಂಭವವನ್ನು ಬದಲಿಸಬಹುದೇ? 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಪ್ರಯೋಗದಲ್ಲಿ ಚೆನ್ನೈನ ಎ. ರಾಮಚಂದ್ರನ್ ಮತ್ತು ತಂಡ, ಸಕ್ಕರೆ ಹೊಸ್ತಿಲಲ್ಲಿದ್ದ 531 ಜನರನ್ನು ಸೇರಿಸಿಕೊಂಡಿತ್ತು. ಮೂರು ವರ್ಷಗಳಲ್ಲಿ ಸಾಮಾನ್ಯ ಸಲಹೆ ಮಾತ್ರ ಪಡೆದ ಗುಂಪಿನಲ್ಲಿ ಶೇ. 55.0 ಜನರಿಗೆ ಮಧುಮೇಹ ಬಂತು. ಆಹಾರ ಮತ್ತು ನಡಿಗೆಯ ಕ್ರಮ ಬದಲಿಸಿಕೊಂಡ ಗುಂಪಿನಲ್ಲಿ ಶೇ. 39.3. ನೇರ ಇಳಿಕೆ ಎಷ್ಟು? 55.0 − 39.3 = 15.7. ಸಾಪೇಕ್ಷ ಇಳಿಕೆ ಎಷ್ಟು? 15.7 ÷ 55.0, ಅಂದರೆ ಶೇ. 28.5. ಎರಡೂ ಸರಿ, ಎರಡೂ ಬೇರೆ. ಪತ್ರಿಕೆಯ ಸುದ್ದಿಯಲ್ಲಿ ಯಾವುದನ್ನು ಬರೆದಿದ್ದಾರೆ ಎಂದು ಕೇಳುವ ಅಭ್ಯಾಸ ಇಲ್ಲಿಂದ ಶುರುವಾಗಲಿ.

ಮುಕ್ತಾಯ (5 ನಿಮಿಷ): ಮೂಲೆಯಲ್ಲಿ ಬರೆದಿಟ್ಟ ಮತಗಳಿಗೆ ಮರಳಿ, ಮತ್ತೆ ಕೈ ಎತ್ತಿಸಿ. ಮತ ಬದಲಿಸಿದವರಲ್ಲಿ ಇಬ್ಬರು ಕಾರಣ ಹೇಳಲಿ.

ಎದುರಾಗುವ ತಪ್ಪು ಗ್ರಹಿಕೆಗಳು

‘ಕೊಲೆಸ್ಟ್ರಾಲ್ ಹೆಚ್ಚಾದರೆ ಶುಗರ್ ಬರುತ್ತದೆ.’ ಇದನ್ನು ಅಲುಗಿಸಲು ನೆದರ್ಲೆಂಡ್ಸ್‌ನ ಒಂದು ಉದಾಹರಣೆ ಸಾಕು. ಹುಟ್ಟಿನಿಂದಲೇ ಎಲ್‌ಡಿಎಲ್ ಅತಿ ಹೆಚ್ಚಿರುವ ವಂಶವಾಹಿ ದೋಷವನ್ನು ಪತ್ತೆಹಚ್ಚಲು ಅಲ್ಲಿ ಪರೀಕ್ಷಿಸಿದ 63,320 ಜನರ ಮಾಹಿತಿ 2015ರಲ್ಲಿ ಪ್ರಕಟವಾಯಿತು. ದೋಷವಿದ್ದವರಲ್ಲಿ ಶೇ. 1.75, ದೋಷವಿಲ್ಲದ ಬಂಧುಗಳಲ್ಲಿ ಶೇ. 2.93 ಜನರಿಗೆ ಎರಡನೆಯ ಬಗೆಯ ಮಧುಮೇಹವಿತ್ತು. ಎಲ್‌ಡಿಎಲ್ ಹೆಚ್ಚಿದ್ದವರಲ್ಲೇ ಮಧುಮೇಹ ಕಡಿಮೆ!

ಆದರೆ ಇಲ್ಲಿಗೇ ನಿಲ್ಲಿಸಿದರೆ ಅಪಾಯ. ‘ಹಾಗಾದರೆ ವರದಿ 1 ಒಳ್ಳೆಯ ವರದಿ’ ಎಂದು ಯಾರಾದರೂ ಹೇಳುತ್ತಾರೆ. ಅಲ್ಲ. ಎಲ್‌ಡಿಎಲ್ 160 ಹೃದಯದ ದೃಷ್ಟಿಯಿಂದ ವೈದ್ಯರು ನೋಡಬೇಕಾದ ಅಂಕಿ. ಒಂದು ರೋಗದ ಮುನ್ಸೂಚನೆಗೆ ಉಪಯೋಗಕ್ಕೆ ಬಾರದ ಅಂಕಿ ಇನ್ನೊಂದಕ್ಕೆ ಮುಖ್ಯವಾಗಿರಬಹುದು.

‘ಕೊಲೆಸ್ಟ್ರಾಲ್ ಮಾತ್ರೆ ತಿಂದರೆ ಶುಗರ್ ಬರುತ್ತದೆ.’ ಮಕ್ಕಳು ಮನೆಯಲ್ಲಿ ಕೇಳಿಕೊಂಡು ಬರುವ ಮಾತು. ಇದರಲ್ಲಿ ಸತ್ಯಾಂಶವಿದೆ. 2010ರಲ್ಲಿ 13 ಪ್ರಯೋಗಗಳ 91,140 ಜನರ ಮಾಹಿತಿಯನ್ನು ಒಟ್ಟುಗೂಡಿಸಿದಾಗ ಸ್ಟ್ಯಾಟಿನ್ ತೆಗೆದುಕೊಂಡವರಲ್ಲಿ ಮಧುಮೇಹದ ಸಂಭವ ಶೇ. 9ರಷ್ಟು ಹೆಚ್ಚಿತ್ತು. ಕೇಳಲು ದೊಡ್ಡದು; ಆದರೆ 255 ಜನ 4 ವರ್ಷ ಮಾತ್ರೆ ತೆಗೆದುಕೊಂಡಾಗ ಹೆಚ್ಚುವರಿಯಾಗಿ ಒಬ್ಬರಿಗೆ ಎಂದು ಇದರ ಅರ್ಥ. ಹೃದಯಾಘಾತ ತಪ್ಪಿಸುವ ಲಾಭ ಅದಕ್ಕಿಂತ ದೊಡ್ಡದು. ಶಿಕ್ಷಕರ ಅರ್ಧ ವಾಕ್ಯ ಕೇಳಿ ಒಂದು ಮಗು ಮನೆಗೆ ಹೋಗಿ ‘ಅಪ್ಪಾ, ಆ ಮಾತ್ರೆ ಬಿಡು’ ಎಂದರೆ, ಆ ಪಾಠ ಮಾಡದಿರುವುದೇ ವಾಸಿಯಾಗಿತ್ತು. ಆದ್ದರಿಂದ ಈ ಪ್ರಶ್ನೆ ಬಂದರೆ ಎರಡೂ ಅರ್ಧಗಳನ್ನು ಹೇಳಿ, ‘ಮಾತ್ರೆಯ ನಿರ್ಧಾರ ವೈದ್ಯರದು’ ಎಂಬಲ್ಲಿಗೆ ಮುಗಿಸಬೇಕು.

‘ಒಂದು ವರದಿ ಸಾಕು.’ ಸಾಲದು. ಊಟ ಮಾಡಿದ ಮೇಲೆ ಟ್ರೈಗ್ಲಿಸರೈಡ್ ಏರುತ್ತದೆ. ಮದ್ಯಪಾನ, ಥೈರಾಯ್ಡ್ ಕೊರತೆ, ಕೆಲವು ಔಷಧಿಗಳೂ ಏರಿಸುತ್ತವೆ. ಒಬ್ಬ ವ್ಯಕ್ತಿಯಲ್ಲಿಯೇ ದಿನದಿಂದ ದಿನಕ್ಕೆ ಶೇ. 20ರ ಆಸುಪಾಸಿನ ಏರಿಳಿತ ಸಹಜ. 150ರ ಗೆರೆಯ ಅತ್ತಿತ್ತ ಇರುವ 145 ಮತ್ತು 155 ಬೇರೆ ಬೇರೆ ಅಂಕ ಪಡೆದರೂ ದೇಹಕ್ಕೆ ಅವು ಒಂದೇ.

ಪಟ್ಟಿಯ ಮಿತಿ

ಫ್ರೇಮಿಂಗ್‌ಹ್ಯಾಮ್‌ನ ಈ ಗುಂಪಿನಲ್ಲಿದ್ದವರು ಬಹುತೇಕ ಎಲ್ಲರೂ ನಡುವಯಸ್ಸಿನ ಬಿಳಿಯರು. ಭಾರತೀಯರಲ್ಲಿ ಕಡಿಮೆ ತೂಕದಲ್ಲಿಯೇ, ಕಡಿಮೆ ವಯಸ್ಸಿನಲ್ಲಿಯೇ ಮಧುಮೇಹ ಕಾಣಿಸುತ್ತದೆ. ಅದಕ್ಕಾಗಿಯೇ ನಮ್ಮಲ್ಲಿ ತೂಕ ಸೂಚ್ಯಂಕ 23ಕ್ಕೇ ಎಚ್ಚರಿಕೆಯ ಗೆರೆ ಎಳೆಯುತ್ತಾರೆ. ಆದ್ದರಿಂದ ಈ ಶೇಕಡಾವಾರುಗಳು ಲೆಕ್ಕ ಕಲಿಯಲು. ಊರಿನವರಿಗೆ ಭವಿಷ್ಯ ಹೇಳಲು ಅಲ್ಲ. ನಮ್ಮ ಜನರಿಗಾಗಿ ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ನಿನ ವಿ. ಮೋಹನ್ ಮತ್ತು ತಂಡ 2005ರಲ್ಲಿ ಭಾರತೀಯ ಮಧುಮೇಹ ಅಪಾಯ ಅಂಕವನ್ನು ರೂಪಿಸಿತು. ವಯಸ್ಸು, ಸೊಂಟದ ಸುತ್ತಳತೆ, ದೈಹಿಕ ಚಟುವಟಿಕೆ, ಹೆತ್ತವರ ಮಧುಮೇಹ ಈ ನಾಲ್ಕೇ ಅಂಶಗಳು, ರಕ್ತ ಬೇಡ, 100ರಲ್ಲಿ 60 ಅಥವಾ ಹೆಚ್ಚು ಬಂದರೆ ಅಪಾಯ ಹೆಚ್ಚು. ಇದ್ದೂ ಪತ್ತೆಯಾಗದ ಮಧುಮೇಹವನ್ನು ಹುಡುಕಲು ಇದನ್ನು ಮಾಡಿದ್ದು.

ರಕ್ತ ಪರೀಕ್ಷೆಯಿಂದ ಆಗುವ ಲಾಭವೆಷ್ಟು ಎಂದು ಪ್ರಶಿಕ್ಷಣಾರ್ಥಿಗಳು ಕೇಳಬಹುದು. ಫ್ರೇಮಿಂಗ್‌ಹ್ಯಾಮ್‌ನಲ್ಲಿ ಮುಂದೆ ರೋಗ ಬಂದ ಒಬ್ಬರನ್ನೂ ಬಾರದ ಒಬ್ಬರನ್ನೂ ಆರಿಸಿ, ಯಾರಿಗೆ ಹೆಚ್ಚು ಅಂಕ ಎಂದು ನೋಡಿದರೆ, ವಯಸ್ಸು, ಲಿಂಗ, ಹೆತ್ತವರು, ತೂಕ ಇಷ್ಟರಿಂದಲೇ 100ಕ್ಕೆ ಸುಮಾರು 72 ಸಲ ಸರಿಯಾಗುತ್ತಿತ್ತು. ಸಕ್ಕರೆ, ಕೊಬ್ಬು, ರಕ್ತದೊತ್ತಡ ಸೇರಿಸಿದಾಗ 85 ಸಲ. ನಾಣ್ಯ ಚಿಮ್ಮಿದರೆ 50.

ತರಗತಿಯಲ್ಲಿ ಪಾಲಿಸಬೇಕಾದದ್ದು

ಮನೆಯ ವರದಿ ತರಲು ಮಕ್ಕಳಿಗೆ ಹೇಳಬಾರದು. ‘ನಿಮ್ಮ ಮನೆಯಲ್ಲಿ ಯಾರಿಗೆ ಶುಗರ್ ಇದೆ?’ ಎಂದು ಕೈ ಎತ್ತಿಸಲೂಬಾರದು. ಒಂದು ಮನೆಯ ರೋಗ ತರಗತಿಯ ಉದಾಹರಣೆಯಾಗುವುದು ಸರಿಯಲ್ಲ. ಮಕ್ಕಳು ಈ ಪಟ್ಟಿಯಲ್ಲಿ ತಮ್ಮ ಅಂಕ ಹಾಕಿಕೊಳ್ಳದಂತೆಯೂ ನೋಡಿಕೊಳ್ಳಿ. ಇದು ಅವರ ವಯಸ್ಸಿನವರಿಗಾಗಿ ಮಾಡಿದ್ದಲ್ಲ. ತರಗತಿಯಲ್ಲಿ ಮೊದಲ ಬಗೆಯ ಮಧುಮೇಹವಿರುವ ಮಗು ಇರಬಹುದು. ಅದು ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ಕೋಶಗಳನ್ನು ನಾಶಮಾಡುವುದರಿಂದ ಬರುವಂಥದ್ದು, ತಿಂದದ್ದರಿಂದಲ್ಲ, ಸೋಮಾರಿತನದಿಂದಲ್ಲ. ಈ ಮಾತನ್ನು ಯಾರ ಕಡೆಯೂ ನೋಡದೆ, ಪಾಠದ ಮೊದಲ ಹತ್ತು ನಿಮಿಷಗಳಲ್ಲೇ ಹೇಳಿಬಿಡಿ.

ಮೌಲ್ಯಮಾಪನ

1. ಒಟ್ಟು ಕೊಲೆಸ್ಟ್ರಾಲ್ 210, ಎಚ್‌ಡಿಎಲ್ 42, ಟ್ರೈಗ್ಲಿಸರೈಡ್ 190. ಎಲ್‌ಡಿಎಲ್ ಎಷ್ಟು? (ಉತ್ತರ: 130)
2. ಸಕ್ಕರೆ ಸಹಜವಿದ್ದರೂ ಟ್ರೈಗ್ಲಿಸರೈಡ್ ಏರಿ ಎಚ್‌ಡಿಎಲ್ ಇಳಿಯಲು ಕಾರಣವೇನು? ಮೂರು ವಾಕ್ಯಗಳಲ್ಲಿ ಬರೆಯಿರಿ.
3. 3140 ಜನರಲ್ಲಿ 160 ಜನರಿಗೆ ಮಧುಮೇಹ ಬಂತು. ಯಾದೃಚ್ಛಿಕವಾಗಿ ಆರಿಸಿದ ಒಬ್ಬರಿಗೆ ಬಂದಿರುವ ಸಂಭವನೀಯತೆ? (ಉತ್ತರ: ಸುಮಾರು 0.051)
4. ‘ಸಂಭವ ಶೇ. 29 ಇದ್ದವನಿಗೆ ರೋಗ ಬರಲಿಲ್ಲ. ಆದ್ದರಿಂದ ಲೆಕ್ಕ ತಪ್ಪು.’ ಒಪ್ಪುವಿರಾ? ಕಾರಣ ಕೊಡಿ.

ನಾಲ್ಕನೆಯ ಪ್ರಶ್ನೆಗೆ ಬರುವ ಉತ್ತರಗಳೇ ಈ ಪಾಠದ ನಿಜವಾದ ಅಳತೆ. ಅಲ್ಲಿ ಹುಣಸೆ ಬೀಜದ ಪ್ರಸ್ತಾಪ ಬಂದರೆ ಪಾಠ ಮುಟ್ಟಿದೆ ಎಂದು ತಿಳಿಯಬಹುದು.

ಪಾಠ ವೀಕ್ಷಕರಿಗೆ

ವೀಕ್ಷಣಾ ಪುಸ್ತಕದಲ್ಲಿ ಮೂರು ಅಂಶಗಳನ್ನು ವಿಶೇಷವಾಗಿ ಗುರುತಿಸಿ. ಪ್ರಶಿಕ್ಷಣಾರ್ಥಿ ‘ಬರುತ್ತದೆ’ ಎಂದರೋ ‘ಬರುವ ಸಂಭವವಿದೆ’ ಎಂದರೋ? ಮೂರು ಹೆಜ್ಜೆಗಳ ಸರಪಳಿಯಲ್ಲಿ ಮಕ್ಕಳು ಎಲ್ಲಿ ಕೊಂಡಿ ಕಳಚಿಕೊಂಡರು? ಮನೆಯ ಪ್ರಸ್ತಾಪ ತಾನಾಗಿಯೇ ಬಂದಾಗ ಅದನ್ನು ಹೇಗೆ ನಿಭಾಯಿಸಿದರು? ಮೊದಲನೆಯದು ಗಣಿತ, ಎರಡನೆಯದು ವಿಜ್ಞಾನ, ಮೂರನೆಯದು ಶಿಕ್ಷಕ ವೃತ್ತಿ. ಮೂರನ್ನೂ ಒಂದೇ ಪಾಠದಲ್ಲಿ ನೋಡುವ ಅವಕಾಶ ಅಭ್ಯಾಸ ಬೋಧನೆಯಲ್ಲಿ ಪದೇ ಪದೇ ಸಿಗುವುದಿಲ್ಲ.